ಅಳಿಯನ ಲ್ಯಾಪ್‌ಟಾಪಿಗೆ ಎಷ್ಟು ಮಾರ್ಕ್ಸು?

ಶಹಾಪುರದಾಗ ನಮ್ಮ ಅಳಿಯ ಒಬ್ಬ ಇದ್ದಾನ. ಡಿಗ್ರಿದಾಗ ಎಷ್ಟು ಮಾರ್ಕ್ಸ್ ಬಂದಾವಪಾ ಅಂತ ಕೇಳಿದ್ರ ಮಳಿ ಬಗ್ಗೆ ಮಾತು ತೆಗಿತಾನ. ಲ್ಯಾಪ್‌ಟಾಪಿಗೆ ಎಷ್ಟು ಬಂದಾವ ಅನ್ನೋದನ್ನ ಮಾತ್ರ ಕೇಳೋದೇ ಬ್ಯಾಡ. ಯಾದಗಿರಿ ಸ್ಟೇಷನ್ನಿನಾಗ ರೈಲು ಇಳಿದವರನ್ನ ನಿಂದ್ರಿಸಿ ಹೇಳ್ತಾನ. "ರೀಡ್ 3,500 ಬಂದದ ನೋಡ್ರಿ ಮಾಮಾ!" ಸುರಪುರದ ಅವನ ದೋಸ್ತಂದು ಬರೇ 520. ಆ ಹುಡುಗ ಈಗ ಇವನ ಫೋನೇ ಎತ್ತಲ್ಲ.

ಎತ್ತಬೇಕು ಅಂತೀನಿ ನಾ. ಈ ಮಾರ್ಕ್ಸ್ ಕೊಡೋದು ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್. ಗುಂಡಿ ಒತ್ತಿದ್ರ ಡಿಸ್ಕಿನ ಮ್ಯಾಲ ಬರೆದು, ಓದಿ, ಸೆಕೆಂಡಿಗೆ ಎಷ್ಟು ಎಂಬಿ ಅಂತ ಲೆಕ್ಕ ಒಪ್ಪಸ್ತದ. ಮ್ಯಾಲಿನ ಸಾಲು ಉದ್ದಕ್ಕ ಒಂದೇ ಸಮ ಓದೋದು. ಅದರಾಗ ತಿರುಗೋ ಹಳೇ ಹಾರ್ಡ್ ಡಿಸ್ಕ್ ನೂರರ ಆಜೂಬಾಜೂ, ಸಾಟಾ ಎಸ್‌ಎಸ್‌ಡಿ 550ರ ಸುತ್ತ (ಆ ದಾರಿನೇ ಅಷ್ಟು ಅಗಲ, ಸುರಪುರದ ಹುಡುಗಂದೇನು ತಪ್ಪು?), ಎನ್‌ವಿಎಂಇ ಆದ್ರ ಮೂರೂವರೆ ಸಾವಿರ, ಹೊಸಾವು ಏಳು ಸಾವಿರಕ್ಕೂ ಮ್ಯಾಲ. ಅಳಿಯ ಸ್ಟೇಟಸ್‌ಗೆ ಹಾಕೋದು ಇದೇ ಸಾಲನ್ನ. ಕೆಳಗಿನ ಕಡೀ ಸಾಲನ್ನ ಬೆರಳಿನಿಂದ ಮುಚ್ಚಿಬಿಡ್ತಾನ. ಅದು 4ಕೆ ಸಾಲು: ಅಲ್ಲೀದಿಷ್ಟು, ಇಲ್ಲೀದಿಷ್ಟು, ಸಣ್ಣ ಸಣ್ಣ ತುಣುಕು ಹೆಕ್ಕಿ ಓದೋದು. ಅಲ್ಲಿಗೆ ಬಂದ್ರ 3,500ರ ಶೂರ ಐವತ್ತು-ಅರವತ್ತಕ್ಕ ಬಂದು ಕುಂಡ್ರತಾನ, ದೋಸ್ತ ಮೂವತ್ತರ ಹತ್ತಿರ. ಹಾರ್ಡ್ ಡಿಸ್ಕಿಗಂತೂ ಒಂದು ದಾಟೋದೇ ಹೈರಾಣ, ಯಾಕಂದ್ರ ಅದರ ಮುಳ್ಳು ಪ್ರತಿ ತುಣುಕಿಗೂ ಓಡ್ಯಾಡಬೇಕು.

ತೊಗರಿ ಮಿಲ್ಲಿನಾಗ ಲಾರಿಗೆ ಚೀಲ ಒಗಿಯೋ ಆಳು ಬ್ಯಾರೆ, ಅಂಗಡ್ಯಾಗ ಪಾವ್ ಕಿಲೋ ಬ್ಯಾಳಿ ತೂಗಿ ಕೊಡೋ ಆಳು ಬ್ಯಾರೆ. ವಿಂಡೋಸ್ ಏಳೋದು, ಕನ್ನಡ ಟೈಪ್ ಮಾಡೋ ನುಡಿ ತೆರೆಯೋದು, ಬ್ರೌಸರ್ ಬಿಚ್ಚೋದು ಎಲ್ಲಾ ಪಾವ್ ಕಿಲೋ ವ್ಯಾಪಾರ. ಅದಕ್ಕ ಹೇಳ್ತೀನಿ, ಮನ್ಯಾಗ ಹಾರ್ಡ್ ಡಿಸ್ಕಿನ ಹಳೇ ಲ್ಯಾಪ್‌ಟಾಪ್ ಇದ್ರ ಒಂದು ಸಾದಾ ಸಾಟಾ ಎಸ್‌ಎಸ್‌ಡಿ ಹಾಕಿಸ್ರಿ, ಸಾಕು. ಅದಕ್ಕೂ ಅಳಿಯನದಕ್ಕೂ ಇರೋ ಫರಕು ಸ್ಟೇಟಸ್‌ದಾಗ ಜಾಸ್ತಿ ಕಾಣ್ತದ, ಕೆಲಸದಾಗ ಕಮ್ಮಿ.

ಬರೆಯೋ ಸ್ಕೋರಿನ ಗಮ್ಮತ್ತು ಇನ್ನೊಂದು. ಪರೀಕ್ಷಾ ಫೈಲು ಸುಮ್ನ ಒಂದು ಜಿಬಿ. ಅಗ್ಗದ ಎಸ್‌ಎಸ್‌ಡಿ ಅದನ್ನ ವೇಗದ ಕ್ಯಾಶೆದಾಗ ಇಳಿಸಿಕೊಂಡು ಮೀಸಿ ತಿರವ್ತದ. ಮದಿವಿ ವಿಡಿಯೋ ನೂರು ಜಿಬಿ ಸುರುವಿ ನೋಡ್ರಿ; ಕ್ಯಾಶೆ ತುಂಬಿದ ಕೂಡಲೇ ವೇಗ ಧೊಪ್ಪಂತ ಬೀಳ್ತದ.

ಇನ್ನ ಪ್ರೊಸೆಸರಿನ ಪುರಾಣ. ಸಿನೆಬೆಂಚ್ ಅನ್ನೋದು ಒಂದು ಚಿತ್ರ ಕೊಟ್ಟು ಬಿಡಿಸು ಅಂತದ. 2020ರಾಗ ಬಂದ ಆರ್23 ಆವೃತ್ತಿ 10 ನಿಮಿಷ ಬಿಡದಂಗ ದುಡಸ್ತದ. ಯಾಕಂದ್ರ ಮೊದಲ ನಿಮಿಷ ಎಲ್ಲಾ ಪ್ರೊಸೆಸರೂ ಹುಲಿನೇ. ಒಳಗಿನ ಬಿಸಿ 95-100 ಡಿಗ್ರಿ ಮುಟ್ಟಿದ್ರ ಸುಟ್ಟುಕೊಳ್ಳಬಾರದು ಅಂತ ತಾನೇ ವೇಗ ಇಳಿಸಿಕೊಳ್ತದ. ಬೆಂಗಳೂರಿನ ಎಸಿ ರೂಮಿನಾಗ ಇದು ಗೊತ್ತಾಗಲ್ಲ. ನಮ್ಮ ಕಡಿ ಮೇ ತಿಂಗಳದಾಗ 42 ಡಿಗ್ರಿ ಅಂದ್ರ ಯಾರೂ ಹುಬ್ಬೂ ಏರಸಲ್ಲ; ಫ್ಯಾನು ಒಳಗ ಎಳಕೊಳ್ಳೋದೇ ಕಾದ ಗಾಳಿ. ಶಹಾಪುರದ ಬೆಟ್ಟದಾಗ ಬುದ್ಧ ಮಲಗ್ಯಾನ ಅಂತ ಮಂದಿ ನೋಡಾಕ ಬರ್ತಾರ. ಮಧ್ಯಾಹ್ನ ಎರಡಕ್ಕ ಅಳಿಯನ ಪ್ರೊಸೆಸರೂ ಅದೇ ಮಗ್ಗಲಾಗಿ ಮಲಗ್ತದ.

ಪರೀಕ್ಷಾದಾಗ ಕಾಪಿ ಹೊಡಿಯೋದೂ ಅದ ಮತ್ತ. ಕೆಲವು ಫೋನು ಪರೀಕ್ಷಾ ಆ್ಯಪಿನ ಗುರುತು ಹಿಡಿದು ಆಗಷ್ಟ ವೇಗ ಏರಿಸಿಕೊಳ್ತಾವ ಅಂತ 2013ರಾಗೇ ಬಯಲಾಗಿತ್ತು.

ನನಗ ಸೇರಿದ್ದು 2007ರ ವಿಂಡೋಸ್ ವಿಸ್ಟಾದ ಪದ್ಧತಿ. ಪ್ರೊಸೆಸರ್, ಮೆಮೊರಿ, ಎರಡು ನಮೂನಿ ಗ್ರಾಫಿಕ್ಸ್, ಡಿಸ್ಕ್ ಅಂತ ಐದು ವಿಷಯ. ಸರಾಸರಿ ಇಲ್ಲ, ಕೂಡಿಸೋದಿಲ್ಲ. ಐದರಾಗ ಯಾವುದು ಎಲ್ಲಕ್ಕಿಂತ ಕಮ್ಮಿನೋ ಅದೇ ಒಟ್ಟು ಮಾರ್ಕು. ಇಂಥಾ ಖಡಕ್ ಲೆಕ್ಕ ಯಾರಿಗೆ ಬೇಕು? ವಿಂಡೋಸ್ 8.1 ಬರೋದ್ರೊಳಗ ಅದನ್ನ ಕಣ್ಣಿಗೆ ಕಾಣದಂಗ ತೆಗೆದುಹಾಕಿದ್ರು.

ಅದಕ್ಕ ನಾನೇ ಒಂದು ಪರೀಕ್ಷಾ ಇಟ್ಟೀನಿ. ಮೇ ತಿಂಗಳು, ಮಧ್ಯಾಹ್ನ ಎರಡು, ತಗಡಿನ ಛಾವಣಿ ಕೆಳಗ. ಚಾರ್ಜರ್ ಇಲ್ಲ, ಬ್ಯಾಟರಿ ಮ್ಯಾಲೇ. ಡಿಸ್ಕು ಮುಕ್ಕಾಲಿಗಿಂತ ಜಾಸ್ತಿ ತುಂಬಿರಬೇಕು, ನುಡಿ ತೆರೆದಿರಬೇಕು, ಮದಿವಿ ವಿಡಿಯೋ ಕಾಪಿ ಆಗ್ತಿರಬೇಕು. ಸುರಪುರದ ಹುಡುಗ "ನಾ ರೆಡಿ ರೀ ಕಾಕಾ" ಅಂದ. ಅಳಿಯ ಡಿಸೆಂಬರ್ ತನಕ ಟೈಮ್ ಕೇಳ್ಯಾನ.