ಇಪ್ಪತ್ತೆರಡನೆಯ ವೈಕಲ್ಯ: ಕಚೇರಿ ಸೋಪಾನಗಳ ಒಂದು ತಾತ್ತ್ವಿಕ ಅನುಸಂಧಾನ

ಪೀಠಿಕೆ

ಒಂದು ಡಿಸೆಂಬರ್ 3ರಂದು, ಅಂಗವಿಕಲರ ದಿನದ ಅಂಗವಾಗಿ ನಮ್ಮ ಸೀಮೆಯಲ್ಲಿ ನಡೆದ ವಿಚಾರಸಂಕಿರಣದಲ್ಲಿ ‘ಒಳಗೊಳ್ಳುವಿಕೆಯ ನೆಲೆಗಳು: ಒಂದು ಮುಖಾಮುಖಿ’ ಎಂಬ ಪ್ರಬಂಧವನ್ನು ಐವತ್ತು ನಿಮಿಷ ಆಲಿಸುವ ಸುಯೋಗ ಪ್ರಸ್ತುತ ಸಂಶೋಧಕನಿಗೆ ಒದಗಿತು. ವೇದಿಕೆಗೆ ನಾಲ್ಕು ಮೆಟ್ಟಿಲು. ಸನ್ಮಾನಿತರು ವೀಲ್‌ಚೇರಿನಲ್ಲಿದ್ದರು. ಅವರು ಮೇಲೆ ಹೋಗಲಾಗದ್ದರಿಂದ ಶಾಲು, ಹಾರ, ಹಣ್ಣಿನ ಬುಟ್ಟಿಗಳೇ ಕೆಳಗೆ ಇಳಿದು ಬಂದವು. ಪ್ರಬಂಧ ಮಾತ್ರ ಮೇಲೆಯೇ ಉಳಿಯಿತು. ಈ ಅಧ್ಯಯನದ ಬೀಜ ಮೊಳೆತದ್ದು ಅಲ್ಲಿ.

ಕ್ಷೇತ್ರ ಮತ್ತು ವಿಧಾನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಕ್ಷೇತ್ರಕಾರ್ಯದ ವ್ಯಾಪ್ತಿ. ಇದು ಮಾಸ್ತಿಯವರನ್ನೂ ಡಿವಿಜಿಯವರನ್ನೂ ಕೊಟ್ಟ ನೆಲ. (ಈ ವಾಕ್ಯವಿಲ್ಲದ ಪ್ರಬಂಧಕ್ಕೆ ನಮ್ಮ ಜಿಲ್ಲೆಯಲ್ಲಿ ಮಾನ್ಯತೆ ಇಲ್ಲ.) ಸಂಶೋಧನಾ ವಿಧಾನ: ಅಕ್ಕನ ವೀಲ್‌ಚೇರ್ ತಳ್ಳುವುದು. ಸಲಕರಣೆ: ಗಾರೆಯವರ ಅಳತೆ ಟೇಪು ಒಂದು. ಸಂಶೋಧನಾ ನೈತಿಕತೆಯ ಕಾರಣಕ್ಕೂ ಅಕ್ಕನ ಪಿಂಚಣಿ ನಿಂತೀತೆಂಬ ಭಯಕ್ಕೂ ಯಾವ ಕಚೇರಿಯ ಹೆಸರನ್ನೂ ಹೇಳಿಲ್ಲ.

ಪರಿಭಾಷಾ ಪ್ರಕರಣ

ಅಕ್ಕ ಹುಟ್ಟಿದಾಗಿನ ಬೈಗುಳದಂಥ ಪದ ಹೋಗಿ ‘ಅಂಗವಿಕಲ’ ಬಂತು. ಅದು ಹಳತಾಗಿ ‘ವಿಕಲಚೇತನ’ ಆಯಿತು. ಇಲ್ಲಿ ಚೇತನ ವಿಕಲವಾಗಿರುವುದು ಯಾರದೆಂದು ವೈಯಾಕರಣರು ಇನ್ನೂ ನಿರ್ಣಯಿಸಿಲ್ಲ. ಬಳಿಕ ದೆಹಲಿಯಿಂದ ‘ದಿವ್ಯಾಂಗ’ ಇಳಿದು ಬಂತು, ಈಚೆಗೆ ‘ವಿಶೇಷಚೇತನ’. ಪ್ರತಿ ಪದಕ್ಕೂ ಬೋರ್ಡಿಗೆ ಹೊಸ ಬಣ್ಣ ಬಿತ್ತು. ಬೋರ್ಡಿನ ಕೆಳಗಿನ ಮೆಟ್ಟಿಲಿಗೆ ಪರ್ಯಾಯಪದ ಯಾರಿಗೂ ಹೊಳೆಯಲಿಲ್ಲ.

ಪ್ರಮೇಯ

1995ರ ಕಾಯ್ದೆ ಏಳು ವೈಕಲ್ಯಗಳನ್ನು ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಇಪ್ಪತ್ತೆರಡನೆಯದು ಶಾಸನಕರ್ತರ ಕಣ್ಣು ತಪ್ಪಿದೆ ಎಂಬುದೇ ನಮ್ಮ ವಿನಮ್ರ ಪ್ರಮೇಯ. ಅದು ಕಟ್ಟಡಕ್ಕೆ ತಗಲುವಂಥದು. ಲಕ್ಷಣಗಳು: ನೆಲಕ್ಕೆ ಇಳಿಯಲಾಗದಿರುವುದು, ಕಿಟಕಿ ಎತ್ತರದಲ್ಲಿದ್ದು ಕೂತು ಬಂದವರ ಮುಖ ಕಾಣದಿರುವುದು, ಕಣ್ಣು ಕಾಣದವರಿಗೆ ಗೋಡೆಯ ಮೇಲಿನ ನೋಟೀಸು ತೋರಿಸುವುದು, ಕಿವಿ ಕೇಳದವರನ್ನು ಹೆಸರು ಕೂಗಿ ಕರೆದು ‘ಗೈರುಹಾಜರು’ ಎಂದು ಬರೆದುಕೊಳ್ಳುವುದು. ಒಂದೇ ದೇಹದಲ್ಲಿ ಇಷ್ಟೂ ಕಂಡುಬಂದರೆ ಕಾಯ್ದೆಯ ಭಾಷೆಯಲ್ಲಿ ಅದು ಬಹುವಿಧ ವೈಕಲ್ಯ.

ಈ ಪ್ರಮೇಯದ ಕರ್ತೃತ್ವ ನನ್ನದಲ್ಲವೆಂದು ಒಪ್ಪಿಕೊಳ್ಳಬೇಕು. ಪ್ರಮಾಣಪತ್ರಕ್ಕಾಗಿ ವೈದ್ಯರು ಅಕ್ಕನ ಕಾಲನ್ನು ಮಡಿಸಿ, ನೀಡಿ, ಅಳೆದು ಶೇಕಡಾವಾರು ಬರೆದರು. ಶೇ. 40 ಮುಟ್ಟಿದರಷ್ಟೇ ಸೌಲಭ್ಯ, ಆದ್ದರಿಂದ ಅಳತೆ ಬಿಗಿಯಾಗಿಯೇ ಇತ್ತು. ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು: “ಆ ಮೆಟ್ಲಿಗೆ ಎಷ್ಟು ಪರ್ಸೆಂಟ್ ಕೊಟ್ರೋ?”

ಇಳಿಜಾರುಗಳ ವರ್ಗೀಕರಣ

ಇಳಿಜಾರುಗಳು, ಅಂದರೆ ಜನ ‘ರ‍್ಯಾಂಪು’ ಎನ್ನುವವು, ಸಪ್ತವಿಧ.

ಒಂದು, ಅಂತರಗಂಗೆ ಪ್ರಭೇದ. ಆರಿಂಚಿನ ಐದು ಮೆಟ್ಟಿಲೆಂದರೆ 30 ಇಂಚು ಎತ್ತರ. ಒಂದಕ್ಕೆ ಹನ್ನೆರಡು ಎಂಬುದು ಸರ್ಕಾರದ್ದೇ ಮಾನದಂಡ; ಆ ಲೆಕ್ಕಕ್ಕೆ ಇಳಿಜಾರು 30 ಅಡಿ ಉದ್ದ ಬೇಕು. ಟೇಪು ಹಿಡಿದಾಗ ಸಿಕ್ಕಿದ್ದು ಏಳಡಿ. ಇದನ್ನು ಹತ್ತುವುದಕ್ಕಿಂತ ಅಂತರಗಂಗೆ ಬೆಟ್ಟ ಲೇಸು. ಅಲ್ಲಿ ಮೇಲೆ ಹೋದರೆ ತೀರ್ಥವಾದರೂ ಸಿಗುತ್ತದೆ.

ಎರಡು, ವಾಹನಪೀಠ. ಸಿಬ್ಬಂದಿಯ ಬೈಕು ನೆರಳಲ್ಲಿ ನಿಲ್ಲಲು ನಿರ್ಮಿತವಾದದ್ದು.

ಮೂರು, ತ್ರಿಶಂಕು. ಮೂರು ಮೆಟ್ಟಿಲು ದಾಟಿಸಿ ನಾಲ್ಕನೆಯದರ ಬುಡದಲ್ಲಿ ಕೈಬಿಡುತ್ತದೆ.

ನಾಲ್ಕು, ಛಾಯಾಚಿತ್ರ ಪ್ರಭೇದ. ಬಿಲ್ಲಿನ ಜೊತೆ ಲಗತ್ತಿಸಲು…

ಸಾಕು. ಉಳಿದ ಮೂರನ್ನು ಬರೆಯುವುದಿಲ್ಲ. ಅದರಲ್ಲೊಂದು, ಬೀಗ ಹಾಕಿದ ಗೇಟಿನ ಆಚೆ ಇರುವ ಇಳಿಜಾರು. ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ಮುಕ್ಕಾಲು ಗಂಟೆ ಬಿಸಿಲಲ್ಲಿ ಕಾದೆವು. ಇದರಲ್ಲಿ ತಮಾಷೆ ಎಲ್ಲಿದೆಯೆಂದು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಪೂರ್ವಪಕ್ಷ ಮತ್ತು ಖಂಡನೆ

‘ಹಳೆಯ ಕಟ್ಟಡ, ಏನು ಮಾಡುವುದು?’ ಎಂಬುದು ಪೂರ್ವಪಕ್ಷ. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಸರಿಪಡಿಸಬೇಕೆಂದು ಕಾಯ್ದೆಯ 45ನೇ ಕಲಮು ಹೇಳಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ರ ಜೂನ್‌ಗೆ ಮುಗಿಯಿತು. ‘ಅವು ಬರೀ ಮಾರ್ಗಸೂಚಿಗಳು’ ಎಂಬುದು ಎರಡನೆಯ ಪೂರ್ವಪಕ್ಷ. ಮಾರ್ಗವನ್ನು ಸೂಚಿಸುವುದು, ಮಾಡುವುದಲ್ಲ ಎಂದು ಇದರ ವಿಗ್ರಹವಾಕ್ಯ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಈ ವ್ಯಾಕರಣವನ್ನೇ ತಳ್ಳಿಹಾಕಿತು. ಇಷ್ಟವಿದ್ದರೆ ಪಾಲಿಸಿ ಎಂಬಂತಿದ್ದ 15ನೇ ನಿಯಮ ಕಾಯ್ದೆಗೇ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮ ಮಾಡಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು.

‘ಅನುದಾನವಿಲ್ಲ’ ಎಂಬುದು ಮೂರನೆಯದು. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗೆಂದೇ ಶೇ. 5ರಷ್ಟು ಹಣ ತೆಗೆದಿಡಬೇಕು. ಇಟ್ಟಿಗೆ ಇಲ್ಲ ಅನ್ನೋಣವೆಂದರೆ, ಮಾಲೂರು ಹೆಸರಾದದ್ದೇ ಹೆಂಚು ಇಟ್ಟಿಗೆಗೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದಾಗ ಹಣ್ಣು ಜಜ್ಜಿಹೋಗಬಾರದೆಂದು ಎಷ್ಟು ಜೋಪಾನ! ಲಾರಿಗೆ ಹಲಗೆ ಕೊಡುತ್ತಾರೆ, ಕೆಳಗೆ ಹುಲ್ಲು ಹಾಸುತ್ತಾರೆ. ಅದನ್ನು ನೋಡಿ ಅಕ್ಕ ನಕ್ಕಿದ್ದಳು: “ಮಾವಿನಕಾಯಿಯಾಗಿ ಹುಟ್ಟಬೇಕಿತ್ತು ಕಣೋ.”

ಉಪಸಂಹಾರ

ಇಲ್ಲಿ ‘ಒಟ್ಟಾರೆಯಾಗಿ ಹೇಳುವುದಾದರೆ’ ಎಂದು ಶುರುಮಾಡುವುದು ಸಂಪ್ರದಾಯ. ಒಟ್ಟಾರೆ ಹೇಳಲು ನನಗೆ ಬರುತ್ತಿಲ್ಲ, ಒಂದು ದಿನದ್ದು ಹೇಳುತ್ತೇನೆ.

ಅವತ್ತು ಕಚೇರಿಯವರು ಕೆಟ್ಟವರೇನೂ ಆಗಿರಲಿಲ್ಲ. ಗುಮಾಸ್ತರು ಮೆಟ್ಟಿಲ ತುದಿಗೆ ಬಂದು, “ಯಾಕಣ್ಣ ಅಕ್ಕನ್ನ ಇಷ್ಟು ದೂರ ಕರ್ಕೊಂಡ್ ಬಂದ್ರಿ? ನೀವೊಬ್ರೇ ಬಂದಿದ್ರೆ ಸಾಕಾಗಿತ್ತಲ್ಲ” ಅಂದರು. ಇನ್ನಿಬ್ಬರು ತೋಳು ಮಡಚಿ, “ನಡೀರಿ, ಕುರ್ಚಿ ಸಮೇತ ಎತ್ಕೊಂಡ್ ಹೋಗೋಣ” ಅಂದರು. ಅಕ್ಕ ಬೇಡವೆಂದಳು. ಹಿಂದೊಮ್ಮೆ ಹಾಗೆ ಎತ್ತಿದಾಗ ಅವಳ ಸೀರೆ ಜಾರಿತ್ತು. ಸಾಲಿನಲ್ಲಿ ನಿಂತವರೆಲ್ಲ ನೋಡಿದ್ದರು. ಊರಿನ ವಿಆರ್‌ಡಬ್ಲ್ಯೂ, ಅಂದರೆ ನಮ್ಮಂಥವರಿಗೆ ನೆರವಾಗಲೆಂದೇ ಗೌರವಧನಕ್ಕೆ ದುಡಿಯುವ ಪುನರ್ವಸತಿ ಕಾರ್ಯಕರ್ತ, ತಾನೂ ಕ್ಯಾಲಿಪರ್ ತೊಟ್ಟ ಕಾಲನ್ನು ಎಳೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ.

ಎತ್ತಿಕೊಂಡು ಹೋಗುವ ಇಷ್ಟೊಂದು ಕೈಗಳಿರುವುದರಿಂದಲೇ ಇಳಿಜಾರು ಆಗುತ್ತಿಲ್ಲವೇನೋ. ಎತ್ತಿದವರಿಗೆ ಪುಣ್ಯ ಬರುತ್ತದೆ, ಕಟ್ಟಡ ಹಾಗೇ ಇರುತ್ತದೆ. ಅಕ್ಕನಿಗೆ ಪ್ರತಿ ಸಲವೂ ಒಂದು ಋಣ ಏರುತ್ತದೆ. ತೆರಿಗೆಯ ಹಣದಲ್ಲಿ ಕಟ್ಟಿದ ಬಾಗಿಲ ಒಳಗೆ ಹೋಗಲು ಅವಳು ಯಾಕೆ ಋಣಿಯಾಗಬೇಕು?

ಅಕ್ಕ ಹೊಂಗೆ ಮರದ ಕೆಳಗೆ ಉಳಿದಳು. ನಾನು ಮೇಲೆ ಹೋಗಿ, ಕಾಗದ ಕೆಳಗೆ ತಂದು, ಅವಳ ಮಂಡಿಯ ಮೇಲೆ ಪ್ಯಾಡು ಇಟ್ಟು ರುಜು ಹಾಕಿಸಿಕೊಂಡು, ಮತ್ತೆ ಮೇಲೆ ಹೋದೆ. ಗುಮಾಸ್ತರು ಸೀಲು ಒತ್ತಿ ಷರಾ ಬರೆದರು: ‘ಅರ್ಜಿದಾರರು ಖುದ್ದು ಹಾಜರಿದ್ದಾರೆ.’

ಹಾಜರಿದ್ದಳು, ಐದು ಮೆಟ್ಟಿಲು ಕೆಳಗೆ.