ಬೈಸಿಕೊಳ್ಳುವುದೇ ಉದ್ಯೋಗ: ಎಚ್‌–1ಬಿ ವೀಸಾ ಜೊತೆ ಮಾತುಕತೆ

ಸಂದರ್ಶನಕ್ಕೆ ಅಮೆರಿಕದ ಎಚ್‌–1ಬಿ ಉದ್ಯೋಗ ವೀಸಾ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಫೋಟೊ ತೆಗೆಯುವಂತಿಲ್ಲ. ಮೈಮೇಲೆ ಈಗಾಗಲೇ ಒಂದಿದೆ, ಎರಡೂ ಕಿವಿ ಕಾಣಬೇಕೆಂದು ಸ್ಟುಡಿಯೊದವನು ಕೂದಲು ಹಿಂದಕ್ಕೆ ತಳ್ಳಿಸಿ ತೆಗೆದದ್ದು. ಆ ಮುಖದ ಯಜಮಾನ ಶಿವಮೊಗ್ಗದವನು, ಸನ್ನಿವೇಲ್‌ನಲ್ಲಿ ಕೋಡ್ ಬರೆಯುತ್ತಾನೆ. ಅವನು ಮೀಟಿಂಗಿನಲ್ಲಿದ್ದಾಗ ಪಾಸ್‌ಪೋರ್ಟಿನ ಪುಟದಿಂದಲೇ ವೀಸಾ ಮಾತಿಗಿಳಿಯಿತು.

ವಯಸ್ಸು ಕೇಳಿದರೆ ವಂಶಾವಳಿಯನ್ನೇ ಬಿಚ್ಚಿತು. ತಾತ 1952ರ ಕಾನೂನಿನ ಎಚ್‌–1. ತಾನು ಹುಟ್ಟಿದ್ದು 1990ರಲ್ಲಿ, ಸೀನಿಯರ್ ಬುಷ್ ಸಹಿ ಹಾಕಿದ ಕಾಯ್ದೆಯಿಂದ. ವರ್ಷಕ್ಕೆ 65,000 ಎಂದು ಮಿತಿ ಗೊತ್ತಾಯಿತು. ‘ಡಾಟ್‌ಕಾಂ ಕಾಲದಲ್ಲಿ ಅದನ್ನು 1,95,000ಕ್ಕೆ ಏರಿಸಿದರು. ಕೈ ಸಾಲದಿದ್ದಾಗ ಯಾರೂ ನನ್ನ ಕುಲಗೋತ್ರ ಕೇಳಲಿಲ್ಲ ನೋಡಿ. ಆಮೇಲೆ ಮತ್ತೆ 65,000. ಅಲ್ಲೇ ಮಾಸ್ಟರ್ಸ್ ಓದಿದವರಿಗೆ ಮೇಲೆ 20,000. ಇವತ್ತಿಗೂ ಅಷ್ಟೇ.’

ಮತ್ತೆ ಗುದ್ದಾಟ ಯಾಕೆ?

‘ಚೀಟಿ ಎತ್ತುತ್ತಾರಲ್ಲ, ಅದಕ್ಕೆ. 2023ರಲ್ಲಿ 7,80,000 ನೋಂದಣಿ ಬಂತು. ಒಬ್ಬನದೇ ಹೆಸರಿಗೆ ನಾಲ್ಕಾರು ಕಂಪನಿಗಳು ಚೀಟಿ ಹಾಕಿದ್ದವು. ಎಷ್ಟು ಕಂಪನಿ ಹಾಕಿದರೂ ಒಬ್ಬನಿಗೆ ಒಂದೇ ಲೆಕ್ಕ ಎಂದರು ನೋಡಿ, ಮರುವರ್ಷ ಐದು ಲಕ್ಷದೊಳಕ್ಕೆ ಇಳಿಯಿತು. ಉಳಿದ ಪ್ರತಿಭೆ ಎಲ್ಲಿ ಆವಿಯಾಯಿತು ಅಂತ ನನ್ನನ್ನು ಕೇಳಬೇಡಿ.’

ಸ್ಥಳೀಯರ ಅನ್ನ ಕಸಿಯುತ್ತೀರಂತೆ ಎಂಬ ಪ್ರಶ್ನೆಗೆ ಅದು ಮೊದಲು ಸಿಟ್ಟಾಯಿತು, ಆಮೇಲೆ ತಣ್ಣಗಾಯಿತು. ಒರ್ಲ್ಯಾಂಡೊದ ಡಿಸ್ನಿ ಕಥೆ ಅದಕ್ಕೂ ಗೊತ್ತು. 2015ರಲ್ಲಿ ಅಲ್ಲಿ ಸುಮಾರು 250 ಟೆಕ್ ನೌಕರರು ಕೆಲಸ ಕಳೆದುಕೊಂಡರು. ಹೋಗುವ ಮುನ್ನ, ತಮ್ಮ ಕುರ್ಚಿಗೆ ಬಂದವರಿಗೆ ಕೆಲಸ ಕಲಿಸಿಕೊಡುವುದೂ ಅವರ ಪಾಲಿಗೇ ಬಂತು. ಒಟ್ಟಾರೆ ಹೆಚ್ಚು ಉದ್ಯೋಗವನ್ನೇ ಸೃಷ್ಟಿಸಿದ್ದೇವೆ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು, ಕೋರ್ಟಿನಲ್ಲಿ ನೌಕರರ ಮೊಕದ್ದಮೆ ನಿಲ್ಲಲಿಲ್ಲ. ಆದರೆ ತನ್ನ ಬದಲಿಗೆ ಬಂದವನಿಗೆ ತಾನೇ ಪಾಠ ಹೇಳಿ ಮನೆಗೆ ನಡೆದವನ ಮುಂದೆ ಅರ್ಥಶಾಸ್ತ್ರದ ಗ್ರಾಫ್ ಹಿಡಿದು ಪ್ರಯೋಜನವೇನು? ವೀಸಾ ಇದಕ್ಕೆ ಉತ್ತರಿಸಲಿಲ್ಲ.

‘ಊರಿನವರನ್ನು ಮೊದಲು ಹುಡುಕಬೇಕು ಅಂತ ಕಾನೂನಿಲ್ಲವೇ?’

‘ಇದೆ, ಕೆಲವರಿಗೆ. ದೊಡ್ಡ ಕಂಪನಿಯಾದರೆ, ಸಿಬ್ಬಂದಿಯಲ್ಲಿ ನಮ್ಮವರೇ ಶೇ 15 ಮುಟ್ಟಿದ್ದರೆ ಆ ಕಟ್ಟಳೆ. ಅಲ್ಲೂ ಒಂದು ಕಿಂಡಿ ಉಂಟು. 60,000 ಡಾಲರ್ ಸಂಬಳ ಕೊಟ್ಟರೆ ವಿನಾಯಿತಿ. ಆ ಮೊತ್ತ 1998ರಲ್ಲಿ ಬರೆದದ್ದು. ಹಾಲು, ಬ್ರೆಡ್ಡು, ಬಾಡಿಗೆ ಎಲ್ಲ ಏರಿದವು, ಅದೊಂದು ಕದಲಲಿಲ್ಲ. ಅದನ್ನು ತಿದ್ದುವುದು ಕಾಂಗ್ರೆಸ್ಸಿನ ಕೆಲಸ. ನನ್ನನ್ನು ಬೈಯುವುದು ಸುಲಭದ ಕೆಲಸ.’

ರಾಜಕಾರಣಿಗಳ ಮಾತು ಬಂದಾಗ ವೀಸಾಗೆ ಉತ್ಸಾಹ ಉಕ್ಕಿತು. 2024ರ ಡಿಸೆಂಬರಿನಲ್ಲಿ ಟ್ರಂಪ್ ಪಾಳಯದಲ್ಲೇ ಜಗಳ ಹತ್ತಿಕೊಂಡಿತ್ತಲ್ಲ: ಇತ್ತ ವೀಸಾ ಪರ ಮಸ್ಕ್ ಮತ್ತು ವಿವೇಕ್ ರಾಮಸ್ವಾಮಿ, ಅತ್ತ ವಿರುದ್ಧ ಸ್ಟೀವ್ ಬ್ಯಾನನ್ ಮತ್ತು ಲಾರಾ ಲೂಮರ್. ಈ ವೀಸಾ ತಮಗೆ ಇಷ್ಟ, ತಮ್ಮ ಆಸ್ತಿಪಾಸ್ತಿಗಳಲ್ಲೂ ಇಂಥವರು ಬಹಳ ಜನ ಇದ್ದಾರೆ ಎಂದು ಟ್ರಂಪ್ ಹೇಳಿಬಿಟ್ಟರು. ‘ಅವರ ಹೋಟೆಲು, ಗಾಲ್ಫ್ ಕ್ಲಬ್ಬುಗಳಲ್ಲಿ ಹೆಚ್ಚಾಗಿ ಇರುವವನು ನನ್ನ ತಮ್ಮ, ಎಚ್‌–2ಬಿ. ಸೀಸನ್‌ ಕೆಲಸದವನು. ಅಣ್ಣ–ತಮ್ಮ ಅದಲು ಬದಲಾದರೂ, ಹೊಗಳಿಕೆ ತಾನೇ ಅಂತ ಸುಮ್ಮನಾದೆ.’

ಆ ಸುಖ ವರ್ಷವೂ ಬಾಳಲಿಲ್ಲ. 2025ರ ಸೆಪ್ಟೆಂಬರ್ 19ರಂದು ಅದೇ ಟ್ರಂಪ್ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದು ಘೋಷಿಸಿದರು. ನಮ್ಮ ದುಡ್ಡಿನಲ್ಲಿ 88 ಲಕ್ಷದ ಹತ್ತಿರ. ಜಾರಿ 21ಕ್ಕೆ, ಸರಿಯಾಗಿ ಮಹಾಲಯ ಅಮಾವಾಸ್ಯೆ. ಹಬ್ಬಕ್ಕೆ ಹೊರಟು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವಿಮಾನ ಹತ್ತಿ ಕೂತವರು ಕೆಳಗಿಳಿದರು. ಊರಲ್ಲಿದ್ದವರಿಗೆ ಕಂಪನಿಗಳಿಂದ ‘ಕೂಡಲೇ ವಾಪಸ್ ಬನ್ನಿ’ ಎಂಬ ಮೇಲ್. ವಾಣಿಜ್ಯ ಸಚಿವ ಲುಟ್ನಿಕ್ ಇದು ಪ್ರತಿವರ್ಷದ ಶುಲ್ಕ ಎಂದಿದ್ದರು. ಅಲ್ಲ, ಒಂದೇ ಸಲ, ಅದೂ ಹೊಸಬರಿಗೆ ಮಾತ್ರ ಎಂದು ಮರುದಿನ ಶ್ವೇತಭವನದ ವಕ್ತಾರೆ ತಿದ್ದಿದರು. ಅಷ್ಟರಲ್ಲಿ ಟಿಕೆಟಿನ ದುಡ್ಡು ಕೆಲವರ ಪಾಲಿಗೆ ಮುಳುಗಿಹೋಗಿತ್ತು.

ನಿಮ್ಮ ಯಜಮಾನ ಅವತ್ತು ಏನು ಮಾಡಿದ?

‘ಯಜಮಾನ ಅಂತ ಅವನನ್ನು ಕರೆಯುವುದೇ ತಪ್ಪು. ಇಲ್ಲಿ ಬಗ್ಗಿ ನೋಡಿ.’ ಫೋಟೊದ ಬಲಕ್ಕೆ, ಕೆಳಗೆ, ಸಣ್ಣ ಅಕ್ಷರದಲ್ಲಿ ‘ಪಿಎನ್’ ಎಂದಿತ್ತು. ಎದುರಿಗೆ ಕಂಪನಿಯ ಹೆಸರು. ‘ಅರ್ಜಿ ಅವರದು. ಇವನು ಫಲಾನುಭವಿ. ಕೆಲಸ ಹೋದರೆ ಇನ್ನೊಬ್ಬ ಧಣಿಯನ್ನು ಹುಡುಕಲು 60 ದಿನ. ಗ್ರೀನ್‌ ಕಾರ್ಡ್ ಕೇಳೋಣವೆಂದರೆ ಒಂದು ದೇಶಕ್ಕೆ ಶೇ 7ರ ಮಿತಿ, ಇಂಡಿಯಾದ ಸರದಿ ದಶಕಗಳಷ್ಟು ಉದ್ದ. ಸರದಿಯಲ್ಲಿ ನಿಂತವನು ಬಾಸ್ ಎದುರು ದನಿ ಎತ್ತುತ್ತಾನೆಯೇ? ಇವನನ್ನು ಬಿಡುಗಡೆ ಮಾಡಿದರೆ ಪಕ್ಕದ ಅಮೆರಿಕನ್ನನ ಸಂಬಳಕ್ಕೂ ಬಲ ಬರುತ್ತದೆ. ಅದನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲ, ಚಪ್ಪಾಳೆ ಬೀಳುವುದಿಲ್ಲವಲ್ಲ.’

ಕೊನೆಗೆ ಊರಿನ ವಿಚಾರ. ಖಾಸಗಿ ಕಂಪನಿಗಳ ಆಡಳಿತ ಹುದ್ದೆಯಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಕರ್ನಾಟಕ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿದದ್ದು ವೀಸಾಗೂ ಗೊತ್ತಿತ್ತು. ‘ಕುಶಲಿಗರು ಸಿಗುವುದಿಲ್ಲ ಅಂತ ಬೆಂಗಳೂರಿನಲ್ಲಿ ಐಟಿ ಉದ್ಯಮದ ಒಕ್ಕೂಟ ನಾಸ್ಕಾಂ ಹೇಳಿದ್ದೂ, ವಾಷಿಂಗ್ಟನ್ನಿನಲ್ಲಿ ನನ್ನ ಪರ ಹೇಳುವುದೂ ಒಂದೇ ವಾದ. ಅವರಾದರೂ ಎರಡು ಕಡೆ ಒಂದೇ ಮಾತಿನ ಮೇಲೆ ನಿಂತರು. ಈ ಶಿವಮೊಗ್ಗದವನು ಅವತ್ತು ಫೇಸ್‌ಬುಕ್ಕಿನಲ್ಲಿ ಏನು ಬರೆದ ಗೊತ್ತೇ? ನಮ್ಮ ನೆಲದ ಕೆಲಸ ನಮ್ಮವರಿಗೇ, ಒಂದಿಂಚೂ ಬಿಡಬಾರದು ಅಂತ. ಬರೆದು, ನನ್ನ ಎಕ್ಸ್‌ಟೆನ್ಷನ್ ಅರ್ಜಿ ಬೇಗ ಹಾಕಿ ಎಂದು ಕಂಪನಿಗೆ ಮೇಲ್ ಕಳಿಸಿದ.’

‘ಕೇಳಲಿಲ್ಲವೇ ನೀವು?’

‘ಹೆಂಡತಿ ಕೇಳಿದಳು. ಅದೇ ಬೇರೆ, ಇದೇ ಬೇರೆ ಅಂದ. ಹೇಗೆ ಬೇರೆ ಅಂತ ಅವನು ಬಾಯಿ ತೆರೆಯುವಷ್ಟರಲ್ಲಿ ವಕೀಲರ ಮೇಲ್ ಬಂತು, ಇನ್ನಷ್ಟು ಪುರಾವೆ ಕೇಳಿ ಆರ್‌ಎಫ್‌ಇ ಬಿದ್ದಿದೆ, ದಾಖಲೆ ಕಳಿಸಿ ಅಂತ. ಗಂಡ ಹೆಂಡತಿ ಇಬ್ಬರೂ ಪೇ–ಸ್ಲಿಪ್ ಹುಡುಕಲು ಕೂತರು.’