ಮೊಬೈಲ್‌ವಾಸಿ ಮೃಗಗಳು: ಒಂದು ಘನಗಂಭೀರ ಸಂಶೋಧನೆ

ಜೀವಿಗಳನ್ನು ಜಲಚರ, ಭೂಚರ, ಖೇಚರ ಎಂದು ವಿಂಗಡಿಸಿದ ಹಿರಿಯರಿಗೆ ಮೊಬೈಲ್‌ಚರ ಎಂಬ ನಾಲ್ಕನೆಯ ವರ್ಗ ಹೊಳೆದಿರಲಿಲ್ಲ. ಮಕ್ಕಳ ವನ್ಯಜೀವಿ ಆ್ಯಪ್‌ಗಳಲ್ಲಿ ಹೇರಳವಾಗಿರುವ ಈ ಪ್ರಾಣಿಗಳನ್ನು ಪಂಡಿತಲೋಕ ಕಡೆಗಣಿಸಿರುವುದು ಖೇದಕರ.

ಲಕ್ಷಣ: ಮುಟ್ಟಿದರೆ ಕೂಗುತ್ತದೆ. ನೂರು ಸಲ ಮುಟ್ಟಿದರೂ ಅದನ್ನೇ ಕೂಗುತ್ತದೆ. ಆಹಾರ ಚಾರ್ಜು, ಸಹಜ ಶತ್ರು ತಾಯಿ. ಆವಾಸ ಮಾತ್ರ ವಿಚಿತ್ರ. ಉತ್ತರ ಧ್ರುವದ ಹಿಮಕರಡಿಯೂ ದಕ್ಷಿಣದ ಪೆಂಗ್ವಿನ್ನೂ ಒಂದೇ ಮಂಜುಗಡ್ಡೆಯ ಮೇಲೆ ಕುಣಿಯುತ್ತವೆ. ಸಿಂಹವು ಹುಲಿಯ ಪಕ್ಕದಲ್ಲೇ ಬಿಡಾರ ಹೂಡಿದೆ. ಭಾರತದಲ್ಲಿ ತನಗೆ ಉಳಿದಿರುವುದು ಗುಜರಾತಿನ ಗಿರ್ ಮತ್ತು ಅದರ ಸುತ್ತಲಿನ ನೆಲವಷ್ಟೇ ಎಂಬ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ.

ಕಪ್ಪೆಯ ಪ್ರಕರಣ ವಿಶೇಷ ಪರಿಶೀಲನೆಗೆ ಅರ್ಹ. ಆ್ಯಪ್‌ನ ಕಪ್ಪೆ ‘ರಿಬಿಟ್’ ಎನ್ನುತ್ತದೆ. ಅದು ಅಮೆರಿಕದ ಪಶ್ಚಿಮ ಕರಾವಳಿಯ ಪೆಸಿಫಿಕ್ ಮರಗಪ್ಪೆಯ ಕೂಗು. ಹಾಲಿವುಡ್ಡಿನ ಅಕ್ಕಪಕ್ಕದಲ್ಲಿ ಸಿಕ್ಕಿದ್ದರಿಂದ ಸಿನಿಮಾಕ್ಕೆ ಹೊಕ್ಕು, ಜಗತ್ತಿನ ಸಕಲ ಕಪ್ಪೆಗಳ ಅಧಿಕೃತ ವಕ್ತಾರನಾಯಿತು. ಇತ್ತ ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಕುಂಬಾರ ಕಪ್ಪೆಯಿದೆ. ಗಂಡು ಮುಂಗಾಲಿನಲ್ಲಿ ಕೆಸರು ಬಾಚಿ ಮೊಟ್ಟೆಗಳಿಗೆ ಮೆತ್ತುತ್ತದೆ, ಥೇಟ್ ಮಡಕೆ ಮಾಡುವವರ ಹಾಗೆ. ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ದಾಖಲಿಸಿದ್ದು 2014ರಲ್ಲಿ. ಪಾಪ, ರಾತ್ರಿಪಾಳಿಯ ಈ ಕೆಲಸಗಾರನಿಗೆ ಮಕ್ಕಳ ಆ್ಯಪ್‌ನಲ್ಲಿ ಬಟನ್ ಕೊಟ್ಟವರು ಯಾರೂ ಕಾಣುವುದಿಲ್ಲ.

ಪೂರ್ವಪಕ್ಷ: ‘ಮಕ್ಕಳು ಏನಾದರೂ ಕಲಿಯುತ್ತಾರಲ್ಲ!’ ಕಲಿಯುತ್ತಾರೆ, ಸಂದೇಹವಿಲ್ಲ. ಕೇಂಬ್ರಿಜ್‌ನ ಸಂಶೋಧಕರು 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದಂತೆ, ಬ್ರಿಟನ್ನಿನ ಎಂಟು ವರ್ಷದ ಮಕ್ಕಳು ಪೋಕೆಮಾನ್ ಪಾತ್ರಗಳಲ್ಲಿ ಸುಮಾರು ಶೇ 80ನ್ನು ಗುರುತಿಸಿದರು. ತಮ್ಮೂರಿನ ಗಿಡ, ಪ್ರಾಣಿಗಳಲ್ಲಿ ಸುಮಾರು ಅರ್ಧವನ್ನಷ್ಟೇ. ಮಕ್ಕಳ ನೆನಪಿನ ಶಕ್ತಿಯಲ್ಲಿ ದೋಷವಿಲ್ಲ, ಉಣಬಡಿಸಿದ್ದರಲ್ಲಿದೆ.

ಸಿದ್ಧಾಂತ: ಈ ಕುಲದಲ್ಲೂ ಸಜ್ಜನರಿದ್ದಾರೆ. ಐನ್ಯಾಚುರಲಿಸ್ಟ್‌ನವರ ‘ಸೀಕ್’ ಆ್ಯಪ್, ಖಾತೆ ತೆರೆಯೆಂದು ಪೀಡಿಸುವುದಿಲ್ಲ. ಹಿತ್ತಲಿನ ಚಿಟ್ಟೆಗೆ ಕ್ಯಾಮೆರಾ ಹಿಡಿದರೆ ಹೆಸರು ಹೇಳಿ ಬ್ಯಾಡ್ಜ್ ಕೊಡುತ್ತದೆ, ಖಚಿತವಿಲ್ಲದಿದ್ದರೆ ಕುಲವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. (ಈ ಸಂಯಮ ವಿದ್ವಾಂಸರಲ್ಲೂ ದುರ್ಲಭ.) ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ‘ಮರ್ಲಿನ್’ 2021ರಿಂದ ಹಕ್ಕಿಯ ಕೂಗು ಕೇಳಿಯೇ ಹೆಸರು ಸೂಚಿಸುತ್ತಿದೆ. ಇಲ್ಲಿ ಕ್ರಮ ತಿರುವುಮುರುವು: ಮೊದಲು ಹಕ್ಕಿ ಕೂಗಬೇಕು, ಮಗು ಕಾಯಬೇಕು. ಹಕ್ಕಿಗೆ ಮನಸ್ಸಿಲ್ಲದಿದ್ದರೆ ಆ ದಿನ ಪಾಠವಿಲ್ಲ.

ಫಲಿತಾಂಶ: ಮುಟ್ಟಿದರೆ ಕೂಗುವ ಆ್ಯಪ್‌ಗಳು ವನ್ಯಜೀವಿ ವಿಷಯದಲ್ಲಿ ಫೇಲು, ಮಗುವನ್ನು ಹೊಸಿಲು ದಾಟಿಸುವವು ಪಾಸು. ಮರುಮೌಲ್ಯಮಾಪನ ಬಯಸುವ ಪೋಷಕರು ಸ್ಥಳೀಯ ಕಪ್ಪೆಯೊಂದರ ಕೂಗನ್ನು ತಾವೇ ಖುದ್ದಾಗಿ ಕೇಳಿಸಿಕೊಂಡು ಬಂದು ಅರ್ಜಿ ಸಲ್ಲಿಸತಕ್ಕದ್ದು.